ಹರಕು ಸ್ವೆಟರಿನ ಮಿಸ್ ಪೆಲ್ಟಿಯೆ

ಅಮೆರಿಕದ ಮೇನ್ ಸೀಮೆಯ ನಮ್ಮ ಗಿರಣಿಯೂರಿನಲ್ಲಿ ಮಿಸ್ ಓಡೆಟ್ ಪೆಲ್ಟಿಯೆಯವರಷ್ಟು ಅಚ್ಚುಕಟ್ಟಾಗಿ ಉಡುವವರು ಇನ್ನೊಬ್ಬರಿರಲಿಲ್ಲ. ಚಳಿಗಾಲದ ಕೆಲವು ಶನಿವಾರಗಳಂದು ಅವರಷ್ಟು ಕೆಟ್ಟದಾಗಿ ಉಟ್ಟು ಹೊರಬೀಳುವವರೂ ಇನ್ನೊಬ್ಬರಿರಲಿಲ್ಲ. ಉಳಿದ ದಿನಗಳಲ್ಲಿ ಮೊಣಕಾಲು ದಾಟುವ ಉಣ್ಣೆಯ ಕೋಟು, ಕೊರಳಿಗೆ ರೇಷ್ಮೆಯ ವಸ್ತ್ರ, ಕಿವಿಯಲ್ಲಿ ತಾಯಿಯ ಮುತ್ತು. ತುಂಬಿದ ಕೊಡ ಹೊತ್ತವರಂತೆ ಕತ್ತು ಅಲುಗಿಸದ ನಡಿಗೆ. ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಂಡು "ಸರಿ, ನೋಡೋಣ" ಎನ್ನುವ ಅಭ್ಯಾಸ. ಪ್ರೌಢಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ, ಅವರು ಸೇತುವೆಯ ಮೇಲೆ ಬರುವುದು ಕಂಡರೆ ತಲೆ ನರೆತ ಗಂಡಸರು ಕೂಡ ಅಂಗಿಯನ್ನು ಪ್ಯಾಂಟಿನೊಳಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಆ ಶನಿವಾರಗಳ ಸಂಗತಿ ಬೇರೆ. ಅವರು ಓದಿದ ಕಾಲೇಜು, ತನ್ನಲ್ಲಿ ಸೇರಬಯಸುವ ಮಕ್ಕಳನ್ನು ಆಯಾ ಊರಿನ ಹಳೆಯ ವಿದ್ಯಾರ್ಥಿಗಳಿಂದಲೇ ಮಾತನಾಡಿಸಿ ಅಭಿಪ್ರಾಯ ತರಿಸಿಕೊಳ್ಳುತ್ತಿತ್ತು. ನಮ್ಮೂರಿನ ಮಟ್ಟಿಗೆ ಆ ಕೆಲಸ ಮಿಸ್ ಪೆಲ್ಟಿಯೆಯವರದು. ತಮ್ಮ ಅಭಿಪ್ರಾಯಕ್ಕೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲವೆಂದು ಅವರು ಬಲ್ಲರು. ಆದರೂ ಹಿಂದಿನ ದಿನವೇ ಸಿದ್ಧತೆ ಶುರು: ಮೊಣಕೈಗೆ ತೇಪೆ ಬಿದ್ದ, ಕೊರಳು ಜೋತ, ಒಂದು ಗುಂಡಿ ಬೇರೆ ಬಣ್ಣದ ಕಂದು ಸ್ವೆಟರನ್ನು ಒಗೆದು ಒಣಗಿಸುವುದು, ಮುತ್ತು ಬಿಚ್ಚಿಡುವುದು, ಕೈಗಡಿಯಾರವನ್ನು ಚೀಲದ ತಳಕ್ಕೆ ತಳ್ಳುವುದು. ಕೋಟು ಕಾರಿನಲ್ಲೇ ಉಳಿಯಬೇಕು, ಕಾರು ಆಚೆ ಬೀದಿಯಲ್ಲಿ. ಹಿಮದಲ್ಲಿ ನಡುಗುತ್ತ, ಭೇಟಿಗೆ ಗೊತ್ತುಮಾಡಿದ ಡೋನಟ್ ಅಂಗಡಿ ಸೇರಿ, ಮಗು ಬರುವ ಮೊದಲೇ ಚಹಾ ಕೊಂಡು ಅರ್ಧ ಕುಡಿದು ಮುಗಿಸುತ್ತಿದ್ದರು. ಏನು ತರಿಸಬೇಕು, ಕಾಸು ಯಾರು ಕೊಡಬೇಕು ಎಂಬ ಸಂಕಟ ಮಗುವಿಗೆ ಇರಬಾರದಲ್ಲ.

"ಏನ್ ಮಿಸ್, ಮನೆಗೆ ಬಣ್ಣ ಹೊಡೀತಿದ್ರಾ? ಇಲ್ಲಾ, ಇವತ್ತು ಸಂದರ್ಶನಾನಾ?" ಎಂದು ಅಂಗಡಿಯ ಮಾರ್ಸೆಲ್, ಅವರ ಹಳೆಯ ಶಿಷ್ಯ, ಛೇಡಿಸುತ್ತಿದ್ದ.

"ಬರೋ ಮಗು ಏನೇ ಉಟ್ಕೊಂಡ್ ಬರ್ಲಿ, ನನಗಿಂತ ಚೆನ್ನಾಗಿರ್ಬೇಕು ಕಣೋ" ಎನ್ನುವರು, ನಗದೆ.

ಇದರ ಬೇರು ಅವರ ಹದಿನೇಳನೆಯ ವಯಸ್ಸಿನಲ್ಲಿತ್ತು. ಬಟ್ಟೆ ಗಿರಣಿಯ ಕೂಲಿಯ ಮಗಳು ಓಡೆಟ್, ಇಂಥದೇ ಸಂದರ್ಶನಕ್ಕೆ ಗುಡ್ಡದ ಮೇಲಿನ ವಕೀಲರ ಮನೆಗೆ ಹೋಗಿದ್ದಳು. ಮೈಮೇಲೆ ಚರ್ಚಿನ ಹಳೇಬಟ್ಟೆ ಮಾರಾಟದಲ್ಲಿ ತಾಯಿ ಹೆಕ್ಕಿ ತಂದು, ಹಿಡಿದು ಹೊಲಿದ ನೀಲಿ ಉಡುಪು. ಬಾಗಿಲು ತೆರೆದ ವಕೀಲರ ಹೆಂಡತಿ ಆ ಉಡುಪನ್ನೇ ನೋಡಿ ಬಹಳ ಅಕ್ಕರೆಯಿಂದ, "ನಮ್ಮ ಮಗಳಿಗಿಂತ ನಿನಗೇ ಚೆನ್ನಾಗಿ ಒಪ್ಪುತ್ತಮ್ಮ ಇದು" ಎಂದರಂತೆ. ಆಕೆ ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮುಂದೆ ವಕೀಲರು ಏನು ಕೇಳಿದರು, ತಾನೇನು ಹೇಳಿದೆ ಎಂಬುದೊಂದೂ ಓಡೆಟ್‌ಗೆ ನೆನಪಿಲ್ಲ. ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಂದಿನ ಅವಮಾನ ಮಾತ್ರ ಕರಗಲಿಲ್ಲ.

ಮದುವೆಯಾಗಲಿಲ್ಲ. ಅಣ್ಣತಮ್ಮಂದಿರು ದಕ್ಷಿಣದ ಬೆಚ್ಚನೆಯ ಊರುಗಳಿಗೆ ಹೋದರು. ಭಾನುವಾರ ಬೇಯಿಸಿದ ಬಟಾಣಿ ಸೂಪನ್ನು ಬುಧವಾರದವರೆಗೆ ಒಬ್ಬರೇ ಉಣ್ಣುತ್ತಿದ್ದ ಅವರಿಗೆ ಒಂಟಿತನ ಕಾಡುತ್ತಿತ್ತು, ತುಂಬ ಕಾಡುತ್ತಿತ್ತು. ವರ್ಷದಲ್ಲಿ ಮನಸ್ಸು ಬಿಚ್ಚಿ ಮಾತನಾಡುತ್ತಿದ್ದುದು ಆ ಅಪರಿಚಿತ ಮಕ್ಕಳೊಡನೆ ಮಾತ್ರ. ಹೀಗೆ ಮಾತನಾಡಿ ಹೋದ ಮಕ್ಕಳಲ್ಲಿ ಒಬ್ಬರೂ ಮತ್ತೆ ಬಂದು ಅವರ ಬಾಗಿಲು ತಟ್ಟಲಿಲ್ಲ. ಅದಕ್ಕವರು ಬೇಸರಪಟ್ಟುಕೊಂಡವರಲ್ಲ. ತಮ್ಮೆದುರು ಯಾವ ಮಗುವೂ ಕುಗ್ಗಲಿಲ್ಲ ಎಂಬ ಒಂದು ನಂಬಿಕೆ ಅವರಿಗೆ ಸಾಕಾಗಿತ್ತು.

ಹೋದ ಜನವರಿಯಲ್ಲಿ ಬಂದವಳು ಹಮ್ದಿ. ಗಿರಣಿಗಳು ಮುಚ್ಚಿದ ಮೇಲೆ ನಮ್ಮೂರಿನ ಖಾಲಿ ಮನೆಗಳನ್ನು ತುಂಬಿದ ಸೊಮಾಲಿ ಕುಟುಂಬಗಳಲ್ಲೊಂದರ ಮಗಳು. ಇಸ್ತ್ರಿಯ ಗೆರೆ ಮುರಿಯದ ಕಪ್ಪು ನಿಲುವಂಗಿ, ಕಡುಗೆಂಪು ತಲೆವಸ್ತ್ರ, ಬಟ್ಟೆಗೆಲ್ಲ ಮನೆಯ ಧೂಪದ ಪರಿಮಳ. ಜೊತೆಗೆ ಬಂದ ತಾಯಿಯೂ ಹಬ್ಬದ ಉಡುಪಿನಲ್ಲೇ ಇದ್ದರು, ಪಕ್ಕದ ಮೇಜಿನಲ್ಲಿ ಕೈಕಟ್ಟಿ ಕೂತರು. ಹುಡುಗಿಯ ಉತ್ತರಗಳು ಚುರುಕಾಗಿದ್ದವು, ಆದರೆ ಸ್ವರ ಬರಬರುತ್ತ ತಣ್ಣಗಾಯಿತು. ಕೊನೆಯಲ್ಲಿ ತಾಯಿ ಎದ್ದು ಬಂದು ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಅಂದರು.

"ಸರಿ, ನೋಡೋಣ. ಅಮ್ಮ ಏನಂದ್ರು?" ಎಂದು ಮಿಸ್ ಪೆಲ್ಟಿಯೆ ಕೇಳಿದರು.

ಹಮ್ದಿ ನೇರವಾಗಿ ನೋಡಿ ಹೇಳಿದಳು: "ಸೇತುವೆ ಮೇಲೆ ನೀವು ಹೋಗೋದನ್ನ ಅಮ್ಮ ದಿನಾ ನೋಡ್ತಾಳೆ. ಎಷ್ಟು ಚೆನ್ನಾಗಿ ಉಡ್ತೀರ ಅಂತ ಮನೇಲೂ ಹೇಳ್ತಾಳೆ. ಇವತ್ತು ನಮ್ಮನ್ನ ನೋಡೋದು ಅಂತ, ಈ ಸ್ವೆಟರ್ ಸಾಕು ಅಂದ್ಕೊಂಡ್ರಾ?"

ಮಿಸ್ ಪೆಲ್ಟಿಯೆ ಗಂಟಲು ಸರಿಮಾಡಿಕೊಂಡರು. ಗುಡ್ಡದ ಮೇಲಿನ ಮನೆಯ ಕತೆ ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ, ನೀನು ಬಡವಳಿರಬಹುದು, ನನ್ನನ್ನು ಕಂಡು ಕುಗ್ಗಿಹೋಗುವವಳಿರಬಹುದು ಎಂದೆಣಿಸಿಯೇ ಬಂದೆ ಎಂದು ಆ ಮಗುವಿನ ಮುಖಕ್ಕೇ ಹೇಳಿದ ಹಾಗಾಗುತ್ತಿತ್ತು. "ತಪ್ಪಾಯ್ತು ಅಂತ ಅಮ್ಮನಿಗೆ ಹೇಳು" ಎಂದಷ್ಟೇ ಅಂದರು. ತಾಯಿ ತಲೆಬಾಗಿಸಿದರು, ನಗಲಿಲ್ಲ. ಮಗಳ ತಲೆವಸ್ತ್ರ ಸರಿಪಡಿಸಿ ಹೊರಗೆ ಕರೆದೊಯ್ದರು.

ಅಂದು ಸಂಜೆ ಮಿಸ್ ಪೆಲ್ಟಿಯೆ ಹಮ್ದಿಯ ಬಗ್ಗೆ ಮನಸಾರೆ ಹೊಗಳಿ ಬರೆದು ಕಳಿಸಿದರು. ಮುಂದಿನ ಶನಿವಾರಕ್ಕೆ ದಂತವೈದ್ಯರ ಮಗನ ಹೆಸರಿತ್ತು. ಏನು ಉಡಬೇಕೆಂದು ತಿಳಿಯದೆ, ಆ ಹುಡುಗನನ್ನು ಬೇರೆಯವರಿಗೆ ಒಪ್ಪಿಸಿ ಎಂದು ಕಾಲೇಜಿಗೆ ಬರೆದರು. ಚಳಿಗಾಲ ಮತ್ತೆ ಬಂದಾಗಲೂ ಅದನ್ನೇ ಬರೆದರು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಎಳವೆಯಲ್ಲಿ ತಮಗೆ ಆದ ನೋವು ಇನ್ನೊಬ್ಬರಿಗೆ ಆಗಬಾರದೆಂದು ಆಯುಷ್ಯವಿಡೀ ಕಾವಲಿರುತ್ತಾರೆ. ಎದುರಿಗೆ ಬಂದವರ ನೋವು ಬೇರೆ ಇದ್ದೀತೆಂದು ಅವರಿಗೆ ಹೊಳೆಯುವುದಿಲ್ಲ. ಅವರ ಕರುಣೆ ಸುಳ್ಳಲ್ಲ. ಅದು ಯಾವಾಗಲೂ ಅವರೊಳಗೇ ಕೂತಿರುವ ಒಂದು ಮಗುವಿಗೆ ಸಲ್ಲುತ್ತಿರುತ್ತದೆ, ಮತ್ತು ಆ ಮಗುವಿಗೆ ಎಷ್ಟು ಕೊಟ್ಟರೂ ಸಾಲುವುದಿಲ್ಲ.