ಹದ್ದಿನ ಮರಿ ಹಾರುವ ತನಕ

ಕುಂದಾಪುರದ ಕೋಡಿಯಲ್ಲಿ ಒಣಮೀನು ಮಾರುವ ಕಮಲಕ್ಕನ ಅಂಗಳದಲ್ಲಿ ಅವತ್ತು ಬೆಳಿಗ್ಗೆಯೇ ಗಲಾಟೆ. ಮಾವಿನ ಮರದ ತುದಿಯಲ್ಲಿ ಗೂಡು ಕಟ್ಟಿದ್ದ ಕಡಲ ಹದ್ದು, ಅರ್ಧ ತಿಂದ ಕಡಲ ಹಾವನ್ನು ಕೆಳಗೆ ಬೀಳಿಸಿತ್ತು. ಬಿದ್ದದ್ದಾದರೂ ಎಲ್ಲಿ? ಮರದಡಿಯ ಮರಳಲ್ಲಿ ಒಣಗಲು ಹರಡಿದ್ದ ಸಿಗಡಿಯ ಮೇಲೆ! ಕೊಳ್ಳಲು ತೆಕ್ಕಟ್ಟೆಯಿಂದ ಬಂದಿದ್ದ ಹೆಂಗಸು ಅದನ್ನು ಕಂಡವಳೇ ಮೂಗು ಮುಚ್ಚಿಕೊಂಡು ಬರಿಗೈಯಲ್ಲಿ ವಾಪಸು ಹೋದಳು.

“ಈ ಹದ್ದಿನ ಸಹವಾಸವೇ ಬ್ಯಾಡ. ಮರ ಹತ್ತುವ ಕುಷ್ಟನಿಗೆ ಹೇಳಿದ್ದೆ. ಮಧ್ಯಾಹ್ನ ಬಂದ್ ಗೂಡ್ ಸಮೇತ ಗೆಲ್ಲ್ ಕಡಿತ,” ಎಂದು ಕಮಲಕ್ಕ ಕೂಗಾಡಿದಳು.

ಪಕ್ಕದ ಮನೆಯ ಸುಗುಣ ಬೇಲಿ ದಾಟಿ ಬಂದಳು. ಸ್ವಸಹಾಯ ಸಂಘದ ಪರವಾಗಿ ಅರಣ್ಯ ಇಲಾಖೆಯ ಸಭೆಗೆ ಹೋಗಿ ಬಂದವಳು ಅವಳು.

“ಹ್ವಾಯ್ ಕಮಲಕ್ಕ, ಗೂಡಲ್ಲಿ ಮರಿ ಇತ್ತಲ್ದಾ?”

“ಇದ್ರೆ ಎಂತ? ಮಳೆಗಾಲ ಮುಗ್ದ್ ಮೇಲೆ ದಾಸಾಳದ ಗೆಲ್ಲ್ ಕಡಿವಾಗ ಸೂರಕ್ಕಿ ಗೂಡ್ ಹೋಯ್ತ್. ಎಂತ ಆಯ್ತ್? ಬಟ್ಟೆ ಹಗ್ಗದಲ್ಲಿ ಮತ್ತೆ ಕಟ್ಟಿತ್, ಮರಿಯೂ ಮಾಡಿತ್. ಹೆಬ್ಬೆಟ್ಟಿನಷ್ಟ್ ಹಕ್ಕಿಗೇ ಆತ್ತಂಬ್ರೆ ಈ ದೈತ್ಯಂಗೆ ಎಂತ ಕಷ್ಟ?”

ಕೇಳಿದರೆ ಸರಿಯೇ ಅನ್ನಿಸುವ ಮಾತು. ದೊಡ್ಡದು ಏನನ್ನಾದರೂ ತಡೆದುಕೊಳ್ಳುತ್ತದೆ ಎಂದೇ ನಾವೆಲ್ಲ ನಂಬಿದವರು.

“ಅಲ್ಲೇ ತಪ್ಪುದ್ ಅಕ್ಕ,” ಎಂದಳು ಸುಗುಣ. “ಸೂರಕ್ಕಿ ಮರಿ ಅರ್ಧ ತಿಂಗ್ಳಲ್ಲಿ ಹಾರತ್ತ್. ತಾಯಿ ಅದೇ ವರ್ಷ ಮತ್ತೆ ಮೊಟ್ಟೆ ಇಡತ್ತ್. ಹದ್ದ್ ಹಂಗಲ್ಲ. ವರ್ಷಕ್ಕೆ ಒಂದ್ ಸಲ, ಅದ್ರಲ್ಲೂ ಹೆಚ್ಚಾಗಿ ಒಂದೇ ಮರಿ ಉಳಿತ್. ಅದ್ ಹಾರುಕೇ ಎರಡ್ ತಿಂಗ್ಳ್ ದಾಟತ್ತ್. ದೊಡ್ಡದಾಯಿ ತನ್ನ ಗೂಡ್ ಕಟ್ಟುಕೆ ಮತ್ತೆ ನಾಲ್ಕೈದ್ ವರ್ಷ. ಇದನ್ನ ಬೀಳ್ಸಿರೆ ಈ ವರ್ಷದ ಮರಿ ಮುಗೀತ್.”

“ಹಂಗಾರೆ ನನ್ನ ಹೊಟ್ಟೆಪಾಡ್? ಹದ್ದ್ ಬದ್ಕ್ಲಿ, ನಾ ಉಪಾಸ ಬೀಳ್ಕಾ?”

ಹೇಳುತ್ತಲೇ ಕಮಲಕ್ಕನ ಕಣ್ಣು ತುಂಬಿತು. ಸುಗುಣಳಿಗೂ ಅಯ್ಯೋ ಅನ್ನಿಸಿತು. ಆದರೆ ಅವಳು ಹಿಡಿದ ಮಾತು ಬಿಡುವವಳಲ್ಲ.

“ನೀವ್ ಉಪಾಸ ಬಿದ್ರೆ ನಾ ಸುಮ್ನೆ ಇರ್ತ್ನಾ? ಮನೆ ಪಡುಬದಿಗೆ ಒಳ್ಳೆ ಬಿಸಿಲ್ ಇತ್ತ್, ಮೇಲೆ ಮರ ಇಲ್ಲ. ಅಲ್ಲಿ ಒಣ್ಸುವ. ಇವತ್ತೇ ಬಿದಿರಿನ ಅಟ್ಟ ಕಟ್ಟುವ.”

ಕಮಲಕ್ಕನ ಗಂಡ ರಾಜೀವ ಜಗಲಿಯಿಂದ ಎದ್ದು, ಮೂಲೆಯಲ್ಲಿದ್ದ ಹಳೆಯ ಬಲೆ ಎಳೆದು ತಂದ. ಕೊಂಬೆ ಕಡಿಯಲು ಬಂದ ಕುಷ್ಟನಿಗೆ ಬಿದಿರು ಕಡಿಯುವ ಕೆಲಸ ಸಿಕ್ಕಿತು. ಸಂಜೆಯೊಳಗೆ ಸೊಂಟದೆತ್ತರದ ಅಟ್ಟ ಎದ್ದಿತು. ಕೆಳಗೊಂದು ಬಲೆ, ಕಾಗೆ ಬಾರದ ಹಾಗೆ ಮೇಲೊಂದು ಬಲೆ.

“ಒಂದ್ ವಾರ ಕಾದ್ ನೋಡ್ತೆ. ಇಲ್ಲಿಗೂ ಹಾವ್ ಬಿದ್ರೆ ನಿನ್ನತ್ರವೇ ತೊಳ್ಸುದ್,” ಎಂದಳು ಕಮಲಕ್ಕ.

“ತೊಳೀತೆ, ಅದಕ್ಕೆಂತ!”

ವಾರ ಕಳೆಯಿತು. ಹಾವು ಬೀಳಲಿಲ್ಲ. ಅಟ್ಟದ ಮೇಲೆ ಒಣಗಿದ ಸಿಗಡಿಯಲ್ಲಿ ಮರಳೂ ಇರಲಿಲ್ಲ. ಈಗ ಯಾರಾದರೂ ಗೂಡು ಕೀಳುವ ಮಾತೆತ್ತಿದರೆ ಕಮಲಕ್ಕ ಸುಗುಣಳಿಗಿಂತ ಜೋರು.

“ಮರಿ ಹಾರುವಲ್ಲಿವರೆಗೆ ಆ ಮರಕ್ಕೆ ಕತ್ತಿ ತಾಗ್ಸುಕೆ ನಾ ಬಿಡುದಿಲ್ಲ!”

ಬಂಧುಗಳೇ, ನಿಮ್ಮ ಹಿತ್ತಲಿನ ಮರದಲ್ಲೂ ಹದ್ದು ಗೂಡು ಕಟ್ಟಿರಬಹುದು. ಅದನ್ನು ಕೆಡವುವುದು ಕಾನೂನಿನ ಪ್ರಕಾರ ಅಪರಾಧ. ಕಾನೂನಿಗೆ ಹೆದರಿ ಮಾತ್ರವಲ್ಲ, ಮನಸ್ಸಿಟ್ಟು ಅದನ್ನು ಉಳಿಸಿ. ನಮ್ಮ ಮೀನನ್ನು ಎತ್ತಿ ಬೇರೆ ಕಡೆ ಒಣಗಿಸಬಹುದು. ರೆಕ್ಕೆ ಬಲಿಯದ ಮರಿಗೆ ಹೋಗಲು ಬೇರೆ ಜಾಗವಿಲ್ಲ.