ಸೇತುವೆ ಪಕ್ಕ ಉಳಿದ ಕಲ್ಲು

ಮೂವತ್ತೆಂಟು ಜನ ಬೆಟ್ಟ ಹತ್ತಿದ್ದರು, ಮೂವತ್ತೆಂಟು ಜನವೂ ಇಳಿದು ಬಂದಿದ್ದರು. ಆದರೂ ಸೇತುವೆಯ ಪಕ್ಕ ಒಂದು ಕಲ್ಲು ಉಳಿದಿತ್ತು.

ಇಶ್ಬೆಲ್ ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿದಳು. ಮ್ಯಾಕ್‌ಆಲ್ವಿ ಕುಲದ ಸಂಘಕ್ಕೆ ಹನ್ನೊಂದು ವರ್ಷದಿಂದ ಅವಳೇ ಕಾರ್ಯದರ್ಶಿ. ಅದಕ್ಕೂ ಮೊದಲು ಊರಿನ ಪೋಸ್ಟಾಫೀಸು ನೋಡಿಕೊಂಡವಳು. ಪಟ್ಟಿ ಅಂದರೆ ಅವಳಿಗೆ ಜೀವ. ಪ್ರತಿ ಸೆಪ್ಟೆಂಬರಿನ ಕೂಟದಲ್ಲಿ ಕುಲದವರೆಲ್ಲ ಕಣಿವೆಯ ಮೇಲಿನ ಹಳೇ ದಾರಿ ಹಿಡಿದು ನೆತ್ತಿಗೆ ಹೋಗಿ ಬರುವುದು ಪದ್ಧತಿ. ಹೊರಡುವಾಗ ಒಬ್ಬೊಬ್ಬರೂ ಸೇತುವೆ ಪಕ್ಕ ಒಂದು ಕಲ್ಲಿಡಬೇಕು. ಬಂದ ಮೇಲೆ ತನ್ನ ಕಲ್ಲನ್ನು ತಾನೇ ಎತ್ತಿಕೊಳ್ಳಬೇಕು, ಇನ್ನೊಬ್ಬರದ್ದನ್ನು ಮುಟ್ಟುವಂತಿಲ್ಲ. ಹಿಂದೆ ಯುದ್ಧಕ್ಕೆ ಹೊರಟವರು ಹೀಗೇ ಮಾಡುತ್ತಿದ್ದರಂತೆ. ಎಷ್ಟು ಕಲ್ಲು ಉಳಿದವೋ ಅಷ್ಟು ಹೆಣ ಎಂದು ಲೆಕ್ಕ. ಈಗ ಅದೆಲ್ಲ ಫೋಟೋ ತೆಗೆಸಿಕೊಳ್ಳುವುದಕ್ಕೆ.

"ಯಾರೋ ಮರೆತಿದಾರೆ ಬಿಡೇ," ಎಂದ ಟಾರ್ಕ್ವಿಲ್. ಸಂಘದ ಅಧ್ಯಕ್ಷ, ಇಶ್ಬೆಲ್ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವನು. ಅವನು ಊದುವ ವಾದ್ಯ, ಬ್ಯಾಗ್‌ಪೈಪು, ಇನ್ನೂ ಹೆಗಲ ಮೇಲೇ ಇತ್ತು. "ಒಳಗೆ ಕುರಿ ಸೂಪು ಆರ್ತಾ ಇದೆ. ನನ್ನ ಹೊಟ್ಟೆ ತಾಳ ಹಾಕ್ತಿದೆ. ನಡಿ."

"ಎಲ್ಲರನ್ನೂ ಕೇಳಿದೆ ಕಣೋ. ಎಲ್ಲರ ಹತ್ರಾನೂ ಅವರವರ ಕಲ್ಲಿದೆ."

"ಹಂಗಾದ್ರೆ ಯಾರೋ ಎರಡಿಟ್ಟಿದಾರೆ. ಕೂಟಕ್ಕೆ ಅಂತ ಬಂದಿರೋ ಆ ಕೆನಡಾದವರನ್ನ ನಂಬ್ತೀಯಾ ನೀನು? ನಿನ್ನೆ ಕುರಿಗೆ ತಮ್ಮ ಕಿಲ್ಟ್ ಲಂಗ ಸುತ್ತೋಕೆ ಹೋಗಿದ್ರು!"

ಇಶ್ಬೆಲ್‌ಗೆ ನಗು ಬರಲಿಲ್ಲ. ಬೆಟ್ಟದ ಸೊಂಟದವರೆಗೆ ಮಂಜು ಇಳಿದಿತ್ತು. ಬೆಳಕು ಇನ್ನು ಹೆಚ್ಚೆಂದರೆ ಒಂದೂವರೆ ಗಂಟೆ. ಅವಳು ಮಂಡಿಯೂರಿ ಕೂತು ಆ ಕಲ್ಲನ್ನು ಮುಟ್ಟದೆ ನೋಡಿದಳು. ಉಳಿದವರೆಲ್ಲ ಹೊಳೆಯಿಂದ ಆರಿಸಿ ತಂದದ್ದು ಕಪ್ಪನೆ ನುಣುಪು ಕಲ್ಲು. ಇದು ಕೆಂಪು ಜಲ್ಲಿ. ಒಂದು ಮಗ್ಗುಲಿಗೆ ಟಾರು ಅಂಟಿತ್ತು.

ಟಾರು ಹತ್ತಿದ ಜಲ್ಲಿ ಜೇಬಲ್ಲಿಟ್ಟುಕೊಂಡು ತಿರುಗುವವನು ಈ ಊರಲ್ಲಿ ಒಬ್ಬನೇ: ಡೂಗೀ ಪ್ರಿಂಗಲ್. ರಸ್ತೆಯ ಗುಂಡಿ ಮುಚ್ಚುವವನು ಅವನೇ, ಚಳಿಗಾಲದಲ್ಲಿ ಹಿಮ ಸರಿಸುವವನೂ ಅವನೇ. ಸರೋವರದ ಆ ತುದಿಯಲ್ಲಿ ಒಂಟಿ ಮನೆ, ಒಂಟಿ ಜೀವ.

ಮಾರ್ಚಿನಲ್ಲಿ ಅವನು ಸಂಘಕ್ಕೆ ಅರ್ಜಿ ಹಾಕಿದ್ದ. ಅಜ್ಜಿ ಮ್ಯಾಕ್‌ಆಲ್ವಿ ಮನೆಯವಳು ಎಂದ. ಕಾಗದ ಪತ್ರ ಏನೂ ಇರಲಿಲ್ಲ. ಪ್ರಿಂಗಲ್ ಎನ್ನುವ ಹೆಸರು ಕುಲದ ಪಟ್ಟಿಯಲ್ಲೂ ಇಲ್ಲ. ಆಗುವುದಿಲ್ಲವೆಂದು ಪತ್ರ ಬರೆದವಳು ಇಶ್ಬೆಲ್ಲೇ. ಅಷ್ಟೇ ಆಗಿದ್ದರೆ ಹೋಗಲಿ. ಅರ್ಜಿಯಲ್ಲೊಂದು ಪ್ರಶ್ನೆ ಇರುತ್ತದೆ: ಸಂಘ ಸೇರುವುದರಿಂದ ನೀವು ಬಯಸುವ ಪ್ರಯೋಜನವೇನು? ಎಲ್ಲರೂ ವಂಶವೃಕ್ಷ, ಪತ್ರಿಕೆ, ಕುಲದ ಚೌಕುಳಿ ಬಟ್ಟೆ ಎಂದೆಲ್ಲ ಬರೆಯುತ್ತಾರೆ. ಡೂಗೀ ಬರೆದದ್ದು ಒಂದೇ ಸಾಲು: "ನಾನು ಮನೆಗೆ ಬರದಿದ್ದರೆ ಯಾರಿಗಾದರೂ ಗೊತ್ತಾಗಲಿ ಅಂತ."

ಸಮಿತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದೂ ಅವಳೇ. "ಅದಕ್ಕೆ ಸಂಘ ಯಾಕೆ, ಒಂದು ನಾಯಿ ಸಾಕ್ಕೊಳ್ಳಕ್ಕೆ ಹೇಳು," ಎಂದಿದ್ದ ಟಾರ್ಕ್ವಿಲ್. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

"ಡೂಗೀ ಮೇಲಿದಾನೆ," ಎಂದಳು.

"ಯಾವ ಡೂಗೀ? ಪ್ರಿಂಗಲ್ಲಾ? ಅವನು ಸದಸ್ಯನೇ ಅಲ್ವಲ್ಲೇ!"

"ಬೆಟ್ಟಕ್ಕೆ ಗೊತ್ತೇನೋ ಅದು?"

ಡೂಗೀ ವ್ಯಾನು ನಿಲ್ಲಿಸುವ ಜಾಗಕ್ಕೆ, ಚರ್ಚಿನ ಹಿಂದಕ್ಕೆ, ಇಶ್ಬೆಲ್ ಓಡಿ ನೋಡಿದಳು. ಡೂಗೀಯ ಹಳದಿ ವ್ಯಾನು ಅಲ್ಲೇ ನಿಂತಿತ್ತು, ಎಂಜಿನ್ ತಣ್ಣಗೆ ಕೊರೆಯುತ್ತಿತ್ತು. ಫೋನು ಮಾಡಿದರೆ ವ್ಯಾನಿನೊಳಗೇ ರಿಂಗಾಯಿತು.

ಬೆಟ್ಟದ ರಕ್ಷಣಾ ತಂಡಕ್ಕೆ ಹೇಳಿದ್ದಾಯಿತು. ಅವರು ಬರಲು ಒಂದೂವರೆ ಗಂಟೆ ಬೇಕು. ದಾರಿ ಚೆನ್ನಾಗಿ ಬಲ್ಲವರು ಮಾತ್ರ ಹೋಗಿ, ದಾರಿ ಬಿಟ್ಟು ಒಂದು ಹೆಜ್ಜೆ ಇಡಬೇಡಿ ಎಂದರು. ಸೂಪಿನ ಬಟ್ಟಲು ಹಾಗೇ ಬಿಟ್ಟು ಆರು ಜನ ಹಗ್ಗ ತೆಗೆದುಕೊಂಡು ಎದ್ದರು. ಮುಂದೆ ಇಶ್ಬೆಲ್, ಅವಳ ಹಿಂದೆ ಪೈಪು ಹೊತ್ತ ಟಾರ್ಕ್ವಿಲ್.

ಮಂಜಿನೊಳಗೆ ಹೊಕ್ಕ ಮೇಲೆ ಮುಂಚಾಚಿದ ಕೈಯೇ ಕಾಣದು. ಕೂಗಿದರೆ ದನಿ ಎರಡು ಮಾರು ಹೋಗಿ ಸಾಯುತ್ತಿತ್ತು.

"ಊದು," ಎಂದಳು ಇಶ್ಬೆಲ್.

ಟಾರ್ಕ್ವಿಲ್ ಊದಿದ, ನಿಲ್ಲಿಸಿದ. ಎಲ್ಲರೂ ಉಸಿರು ಹಿಡಿದು ಕಿವಿಗೊಟ್ಟರು. ಹೊಳೆಯ ಸದ್ದು ಬಿಟ್ಟರೆ ಏನಿಲ್ಲ. ಇನ್ನಷ್ಟು ಮೇಲೆ ಹೋಗಿ ಮತ್ತೆ ಊದಿದ. ಎಲ್ಲೋ ಒಂದು ಕುರಿ ಕೆಮ್ಮಿತು, ಥೇಟ್ ಮನುಷ್ಯನ ಹಾಗೆ. ಇಶ್ಬೆಲ್ ಅತ್ತ ನುಗ್ಗಿದಳು. ಟಾರ್ಕ್ವಿಲ್ ಅವಳ ಕೋಟು ಹಿಡಿದೆಳೆದ.

"ತಲೆ ಕೆಟ್ಟಿದ್ಯೇನೇ? ಅಲ್ಲಿ ಕೊರಕಲು ಕಣೇ!"

"ಬೆಳಕು ಹೋಗ್ತಿದೆ ಟಾರ್ಕ್ವಿಲ್..."

"ಗೊತ್ತು. ಇರು, ಇನ್ನೊಂದ್ಸಲ."

ಈ ಸಲ ಅವನು ಉಸಿರೆಲ್ಲ ತೀರುವವರೆಗೆ ಊದಿದ. ಅರವತ್ತೆರಡರ ಮುದುಕ, ಮುಖ ಬೀಟ್‌ರೂಟಿನಂತಾಯಿತು. ನಿಲ್ಲಿಸಿದ.

ಟಕ್. ಟಕ್. ಟಕ್.

ಕಲ್ಲಿಗೆ ಕಲ್ಲು ಕುಟ್ಟುವ ಸದ್ದು. ಎಡಕ್ಕೆ, ಕೆಳಗೆ.

ಕೊರಕಲ ತಳದಲ್ಲಿ, ಅರ್ಧ ನೀರಲ್ಲಿ ಬಿದ್ದಿದ್ದ ಡೂಗೀ. ಒಂದು ಕಾಲು ಸೊಟ್ಟಗೆ ತಿರುಗಿತ್ತು. ಮಧ್ಯಾಹ್ನದಿಂದ ಕೂಗಿ ಕೂಗಿ ದನಿ ಸತ್ತು ಹೋಗಿತ್ತು. ಹಗ್ಗ ಹಿಡಿದು ಮೊದಲು ಇಳಿದವಳು ಇಶ್ಬೆಲ್. ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿದಳು.

"ಯಾರು?" ಎಂದ ಪಿಸುದನಿಯಲ್ಲಿ.

"ನಾನು ಕಣಪ್ಪಾ, ಪೋಸ್ಟಾಫೀಸಿನ ಇಶ್ಬೆಲ್."

"ಪೈಪಿನ ಸದ್ದು ಕೇಳಿ ಸತ್ತೇ ಹೋದೆ ಅಂದ್ಕೊಂಡೆ." ತುಟಿ ನೀಲಿಗಟ್ಟಿದ್ದರೂ ಕುಚೋದ್ಯ ಹೋಗಿರಲಿಲ್ಲ. "ಆಮೇಲೆ ಶ್ರುತಿ ತಪ್ಪಿತು. ಓಹೋ, ಟಾರ್ಕ್ವಿಲ್ ಅವ್ರು ಅಂತ ಗೊತ್ತಾಯ್ತು."

ಮೇಲಿಂದ ಟಾರ್ಕ್ವಿಲ್ ಏನೋ ಬಯ್ದ. ಬಯ್ಗುಳದ ನಡುವೆ ಅವನು ಅಳುತ್ತಿದ್ದ.

"ನಾನು ಪಟ್ಟಿಯಲ್ಲಿ ಇರ್ಲಿಲ್ವಲ್ಲ," ಎಂದ ಡೂಗೀ. "ಹೆಂಗೆ ಗೊತ್ತಾಯ್ತು ನಿಮ್ಗೆ?"

"ಕಲ್ಲು ಉಳಿದಿತ್ತು."

ಅವನು ಮುಖ ಆಚೆ ತಿರುಗಿಸಿದ. "ಬಯ್ಬೇಡಿ. ನೀವೆಲ್ಲ ಹೋದ್ಮೇಲೆ ಇಟ್ಟೆ. ದೂರದಿಂದ ಹಿಂದೆ ನಡೆದ್ರೆ ನಿಮ್ಗೇನು ತೊಂದ್ರೆ ಅಂತ..."

ಇಶ್ಬೆಲ್ ಕೋಟನ್ನು ಅವನ ಕುತ್ತಿಗೆಯವರೆಗೆ ಎಳೆದಳು. ತಂಡದವರ ದೀಪಗಳು ಮಂಜಿನಲ್ಲಿ ಕಾಣುವವರೆಗೂ ಅವನ ತಣ್ಣನೆಯ ಕೈ ಉಜ್ಜುತ್ತಲೇ ಕೂತಳು.

ಸ್ಟ್ರೆಚರು ಸೇತುವೆ ದಾಟುವಾಗ ಅವಳು ಅಡ್ಡ ನಿಂತಳು. "ಒಂದ್ನಿಮಿಷ ಇಳಿಸಿ."

"ಆಂಬ್ಯುಲೆನ್ಸ್ ಕಾಯ್ತಿದೆ ಅಮ್ಮಾ!"

"ಒಂದೇ ನಿಮಿಷ."

ಟಾರ್ಕ್ವಿಲ್ ಬಗ್ಗಿ ಆ ಕೆಂಪು ಕಲ್ಲನ್ನು ಎತ್ತಿ ಕೊಡಲು ಹೋದ. ಇಶ್ಬೆಲ್ ಅವನ ಕೈ ತಡೆದಳು. "ಮುಟ್ಟಬೇಡ. ಅವನದ್ದು ಅವನೇ ಎತ್ತಲಿ."

ಸ್ಟ್ರೆಚರನ್ನು ನೆಲಕ್ಕಿಳಿಸಿದರು. ಡೂಗೀ ಕಂಬಳಿಯಿಂದ ಕೈ ಹೊರಗೆ ಚಾಚಿದ. ಬೆರಳು ಎರಡು ಸಲ ಜಾರಿತು. ಮೂರನೆಯ ಸಲ ಕಲ್ಲು ಕೈಗೆ ಬಂತು. ಅದನ್ನು ಎದೆಯ ಮೇಲಿಟ್ಟು ಮುಷ್ಟಿ ಬಿಗಿ ಹಿಡಿದ.

ಇಶ್ಬೆಲ್ ಜೇಬಿನಿಂದ ಒದ್ದೆ ಪಟ್ಟಿ ತೆಗೆದು ಟಾರ್ಕ್ವಿಲ್‌ನ ಬೆನ್ನಿನ ಮೇಲೆ ಹರಡಿದಳು. ಮೂವತ್ತೊಂಬತ್ತು ಎಂದು ಹಾಕಿ, ಡೂಗೀ ಪ್ರಿಂಗಲ್ ಎಂದು ಬರೆದಳು.

"ಏನು ಬರೀತಿದೀಯೇ?" ಎಂದ ಟಾರ್ಕ್ವಿಲ್, ಬಗ್ಗಿದಲ್ಲಿಂದಲೇ.

"ಅಲುಗಾಡಬೇಡ," ಎಂದಳು ಇಶ್ಬೆಲ್. ಆ ಹೆಸರಿನ ಮುಂದೆ, ಉಳಿದವರಿಗೆಲ್ಲ ಬರೆದ ಹಾಗೆಯೇ, 'ಬಂದರು' ಎಂದು ಬರೆದಳು.