ಇಲ್ಲದ ತಲೆನೋವು

ಹೊಸ ಕನ್ನಡಕ ಬೇಕೆಂದು ಅಮ್ಮ ನಾನು ಕೆಲಸ ಮಾಡುವ ಅಂಗಡಿಗೇ ಬಂದಳು. ಊರಲ್ಲಿ ಬೇರೆ ಅಂಗಡಿಯೇ ಇರಲಿಲ್ಲವೇ? ನನ್ನ ಗ್ರಹಚಾರ!

ಕಣ್ಣಿನ ಡಾಕ್ಟರು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ನಾನು ಪಕ್ಕದಲ್ಲಿ ಗಾಜುಗಳ ಪೆಟ್ಟಿಗೆ ಹಿಡಿದು, ಅವರು ಕೇಳಿದ ನಂಬರು ತೆಗೆದುಕೊಡುತ್ತಿದ್ದೆ.

“ತಲೆನೋವು ಬರುತ್ತಾ ಅಮ್ಮಾ?” ಎಂದರು ಡಾಕ್ಟರು. ಬಂದವರಿಗೆಲ್ಲ ಅವರು ಕೇಳುವ ಪ್ರಶ್ನೆ ಅದು.

“ತಲೆನೋವಾ? ನನಗಾ?” ಅಮ್ಮ ಹೆಮ್ಮೆಯಿಂದ ನಕ್ಕಳು. “ಅದು ಹೇಗಿರುತ್ತೆ ಅಂತಾನೇ ಗೊತ್ತಿಲ್ಲ ಡಾಕ್ಟ್ರೇ. ಗಟ್ಟಿ ಜೀವ ನಂದು!”

ಕೈಯಲ್ಲಿದ್ದ ಗಾಜು ಜಾರಿ ನೆಲಕ್ಕೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ.

ನನ್ನ ಬಾಲ್ಯವೆಂದರೆ ಅಮ್ಮನ ತಲೆನೋವು. ಈಜು ಸ್ಪರ್ಧೆಗೆ ಹೊರಟ ಬೆಳಿಗ್ಗೆ ತಲೆನೋವು. ಗೆಳತಿಯ ಮನೆಗೆ ಹೊರಟರೆ ತಲೆನೋವು. ಹದಿನೆಂಟರಲ್ಲಿ ನನ್ನ ನರ್ಸಿಂಗ್ ಪ್ರವೇಶ ಪರೀಕ್ಷೆಯ ದಿನವಂತೂ ಅವಳು ಕಣ್ಣೇ ಬಿಡಲಿಲ್ಲ. ಪರದೆ ಎಳೆದ ಕೋಣೆಯಲ್ಲಿ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ಪರೀಕ್ಷೆ ಅದರಷ್ಟಕ್ಕೆ ಮುಗಿದುಹೋಯಿತು. ಎಲ್ಲಿ ಸತ್ತೇಹೋಗುತ್ತಾಳೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆನಲ್ಲ, ನನ್ನಂಥ ಪೆದ್ದಿ ಇನ್ನೆಲ್ಲಾದರೂ ಇದ್ದಾಳೆಯೇ?

ಡಾಕ್ಟರು ಒಳಗೆ ಹೋದದ್ದೇ ತಡ, ಕೇಳಿದೆ: “ಹಾಗಾದ್ರೆ ನಾನು ಚಿಕ್ಕವಳಿದ್ದಾಗ ಬರ್ತಿದ್ದಿದ್ದು ಏನಮ್ಮಾ?”

“ಅಯ್ಯೋ, ಅದಾ! ನೀನು ಹೊರಟುಬಿಟ್ರೆ ಮನೆ ಬಿಕೋ ಅನ್ನೋದು ಕಣೇ. ಏನೋ ಒಂದು ನೆಪ.” ಒಂದು ಫ್ರೇಮನ್ನು ಮೂಗಿಗೇರಿಸಿ ಕನ್ನಡಿ ನೋಡಿಕೊಂಡಳು. “ಇದು ನನಗೆ ಒಪ್ಪುತ್ತಾ?”

ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿ ಇಷ್ಟು ವರ್ಷ ನನ್ನನ್ನು ಮಂಗ ಮಾಡಿದ್ದಳು. ಅದೊಂದು ವಿಷಯವೆಂದೂ ಅವಳಿಗೆ ಅನ್ನಿಸಿರಲಿಲ್ಲ. “ಒಪ್ಪಲ್ಲ,” ಎಂದೆ. ಚೆನ್ನಾಗಿಯೇ ಒಪ್ಪುತ್ತಿತ್ತು.

ಅರ್ಧ ದಿನ ರಜೆ ಹಾಕಿ ಮನೆಗೆ ಹೊರಟೆ. ದಾರಿಯುದ್ದಕ್ಕೂ ಅಮ್ಮನನ್ನು ಮನಸ್ಸಿನಲ್ಲೇ ಬೈದದ್ದೇ ಬೈದದ್ದು. ನಮ್ಮದು ನಾನು, ಮಗಳು ಇಬ್ಬರೇ ಇರುವ ಮನೆ. ಹನ್ನೆರಡರ ಹುಡುಗಿ, ಮೂರು ಗಂಟೆಯ ಬಸ್ಸಿಗೆ ವಾಲಿಬಾಲ್ ತಂಡದ ಜೊತೆ ನಾಲ್ಕು ದಿನಕ್ಕೆ ಹೊರಡಬೇಕಾದವಳು, ಅಡುಗೆಮನೆಯಲ್ಲಿ ನಿಂತು ಪಾತ್ರೆ ತೊಳೆಯುತ್ತಿದ್ದಳು.

“ಇದೇನೇ, ಇನ್ನೂ ರೆಡಿ ಆಗಿಲ್ವಾ?”

“ಬರಲ್ಲ ಅಂತ ಕೋಚ್‌ಗೆ ಹೇಳ್ದೆ.” ನನ್ನ ತಲೆಗೆ ತಾಗಬಾರದೆಂದು ಮೆಲ್ಲಗೆ ಮಾತಾಡಿದಳು. “ಬೆಳಿಗ್ಗೆ ನಿಂಗೆ ತಲೆನೋವು ಅಂದ್ಯಲ್ಲ. ಹೋಗಿ ಮಲ್ಕೋ, ಪರದೆ ಎಳೆದಿದೀನಿ.”

ಹಾಗೆ ಹೇಳಿದ್ದೇ ನನಗೆ ಮರೆತುಹೋಗಿತ್ತು. ಬೆಳಿಗ್ಗೆ ಅವಳು ಹಾಡಿಕೊಳ್ಳುತ್ತ ಬಟ್ಟೆ ಮಡಿಸುತ್ತಿದ್ದಳು. ನಾಲ್ಕು ದಿನ ಒಬ್ಬಳೇ ಇರಬೇಕಲ್ಲ ಅಂದುಕೊಂಡೆ, ಕೈ ತಾನಾಗಿಯೇ ಹಣೆಗೆ ಹೋಯಿತು. ನೋವಿತ್ತೇ? ಈಗೇಕೆ ಮುಚ್ಚುಮರೆ, ಇರಲಿಲ್ಲ.

ಗಂಟೆ ಎರಡೂ ಇಪ್ಪತ್ತು. ವಾಸಿಯಾಯಿತು ಎಂದು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ಇವಳಿಗೂ ನಲವತ್ತಾದ ಮೇಲೆ ಯಾವುದೋ ಕುರ್ಚಿಯ ಪಕ್ಕ ನಿಂತಾಗ ಗೊತ್ತಾಗುವುದು ಬೇಡ.

“ಬೆಳಿಗ್ಗೆ ನಂಗೆ ತಲೆನೋವು ಇರ್ಲಿಲ್ಲ ಕಣೇ. ಸುಳ್ಳು ಹೇಳ್ದೆ. ನೀನು ಹೋಗೋದು ನಂಗೆ ಇಷ್ಟ ಇರ್ಲಿಲ್ಲ.”

ಅವಳು ನಲ್ಲಿ ನಿಲ್ಲಿಸಿದಳು. “ಹೋದ ವರ್ಷ ಸ್ಕೂಲ್ ಟೂರ್ ದಿನ?”

“ಅದೂ ಸುಳ್ಳೇ.”

ಒದ್ದೆ ಕೈಯಲ್ಲೇ ನನ್ನ ಕಡೆ ತಿರುಗಿದಳು. ಅಂಗಡಿಯಲ್ಲಿ ನಾನು ಅಮ್ಮನನ್ನು ನೋಡಿದ್ದೂ ಹೀಗೇ ಇರಬೇಕು. “ಅವತ್ತು ನೀನು ಸತ್ತೋಗ್ತೀಯ ಅಂದ್ಕೊಂಡಿದ್ದೆ ನಾನು,” ಎಂದಳು.

ಕೋಚ್‌ಗೆ ಫೋನ್ ಮಾಡಿ, ತಪ್ಪೆಲ್ಲ ನನ್ನದು, ಐದು ನಿಮಿಷ ಬಸ್ಸು ನಿಲ್ಲಿಸಿ ಎಂದು ಗೋಗರೆದೆ. ಬ್ಯಾಗು ಎತ್ತಿಕೊಳ್ಳಲು ಹೋದರೆ ಮಗಳು ಕಿತ್ತುಕೊಂಡಳು. ದಾರಿಯಲ್ಲಿ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಹೊರಗೆ ನೋಡಲಿಲ್ಲ.

ಬಸ್ಸು ತಿರುವು ದಾಟುವಾಗ ನನಗೆ ತಲೆ ನಿಜವಾಗಿಯೂ ಸಿಡಿಯತೊಡಗಿತು. ಮಗಳನ್ನು ಕಳಿಸಲು ಬಂದಿದ್ದ ಇನ್ನೊಬ್ಬ ತಾಯಿ ನನ್ನ ಮುಖ ನೋಡಿ, “ಯಾಕ್ರೀ, ಹುಷಾರಿಲ್ವಾ?” ಎಂದು ಕೇಳಿದರು.

“ಏನಿಲ್ಲ, ಚೆನ್ನಾಗಿದೀನಿ,” ಎಂದೆ.